ಇರುವೆ ಬಿಟ್ಟ ಹಾಲು

1959 ಜನವರಿ 18, ಭಾನುವಾರ

ತವರಿನ ಬಾಣಂತನ ಮುಗಿಯಿತು. ಇವತ್ತು ಗಂಡನ ಮನೆಗೆ ಬಂದೆ. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮಾರಿಕುಪ್ಪಂ ಗಾಡಿ ಹತ್ತಿಸುವಾಗ ನಮ್ಮಮ್ಮ ಅತ್ತಳು. ನನಗೆ ಅಳೋದಕ್ಕೂ ಪುರುಸೊತ್ತಿರಲಿಲ್ಲ. ಗಾಡಿ ಅಲ್ಲಾಡಿದ್ದೇ ತಡ, ಪಾಪ ಕುಡಿದಿದ್ದನ್ನೆಲ್ಲ ಎದುರಿಗೆ ಕೂತಿದ್ದ ಹೆಂಗಸಿನ ಸೀರೆ ಮೇಲೆ ಕಕ್ಕಿಬಿಟ್ಟಳು. ನಮ್ಮನ್ನು ಕರೆದುಕೊಂಡು ಹೋಗಲು ಬಂದಿದ್ದ ನಮ್ಮ ಅತ್ತೆ ಅಕ್ಕಯ್ಯಮ್ಮನವರು ತಮ್ಮ ಸೆರಗಿನಿಂದಲೇ ಅದನ್ನು ಒರೆಸಿ ನನ್ನ ಕಡೆ ನೋಡಿದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಮೈಸೂರು ಮೈನ್ಸಿನ ಚಿನ್ನದ ಗಣಿಯವರು ಸಾಲಾಗಿ ಕಟ್ಟಿಸಿದ ಈ ಲೈನ್ ಮನೆ ಅಂದರೆ ಒಂದೇ ಕೋಣೆ. ಮುಂದೆ ತಟ್ಟಿ ಕಟ್ಟಿದ ಜಗಲಿ, ಹಿಂದೆ ಅತ್ತೆ ಅನ್ನೋ ಆಯಮ್ಮ ಮೇಕೆ ಕಟ್ಟುವ ಮೂಲೆ. ಇವರಿಗೆ ಈಗ ರಾತ್ರಿ ಪಾಳಿ. ಬೆಳಿಗ್ಗೆ ಗಣಿಯಿಂದ ಬಂದು ಉಂಡು ಮಲಗಿದರೆ ಬಿಸಿಲು ಇಳಿಯೋವರೆಗೂ ಯಾರೂ ಎಬ್ಬಿಸುವ ಹಾಗಿಲ್ಲ. ನಾನು ಹೊಸಿಲು ದಾಟುತ್ತಿದ್ದಂತೆ ಆಯಮ್ಮ ಆಡಿದ ಮೊದಲ ಮಾತೇ ಅದು.

“ಅಗಲೊತ್ತು ಕೂಸು ಅಳಬಾರ್ದು ಕಣಮ್ಮ ರತ್ನ. ನಿದ್ದೆಗೆಟ್ಟು ಒಳಕ್ಕೆ ಇಳಿದೋರು ಎಂಗೆ ಮೇಲಕ್ಕೆ ಬಂದ್ರು ಅಂತ ನಾನು ನೋಡಿವ್ನಿ.”

ಸರಿ. ಈ ಕಾನೂನನ್ನು ಕೂಸಿಗೆ ಯಾರು ಓದಿ ಹೇಳಬೇಕು?

ಎಂಟನೇ ಕ್ಲಾಸಿನ ಹಳೇ ಪುಸ್ತಕದಲ್ಲಿ ಉಳಿದಿದ್ದ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಇಲ್ಲಿ ಬಾಯಿಬಿಟ್ಟು ಮಾತಾಡೋ ಹಾಗಿಲ್ಲ. ಬರೆದರೆ ಸದ್ದಾಗುವುದಿಲ್ಲವಲ್ಲ.

ಜನವರಿ 20, ಮಂಗಳವಾರ

ಪಾಪನ ಬಾಯಿಗೆ ನನಗೆ ಗೊತ್ತಿರುವ ಬೀಗ ಒಂದೇ. ಕುಂಯ್ ಅಂದರೆ ಸಾಕು, ಚಾಪೆಯ ಮೇಲೆ ಮಗ್ಗುಲಾಗಿ, ಸೆರಗು ಮುಚ್ಚಿ ಎದೆಗೆ ಹಾಕಿಕೊಳ್ಳುತ್ತೇನೆ. ಗುಟುಗುಟು ಅಂತ ಕುಡಿಯುತ್ತಾಳೆ. ಆಮೇಲೆ ಶುರು. ಬೆನ್ನನ್ನು ಹಿಂದಕ್ಕೆ ಬಗ್ಗಿಸಿ, ಮುಖ ಕೆಂಪಗೆ ಮಾಡಿಕೊಂಡು, ಕಾಲು ಝಾಡಿಸುತ್ತಾಳೆ. ಕುಡಿದದ್ದು ಗಂಟಲವರೆಗೆ ಬಂದು ಹೋಗುವ ಸದ್ದು ನನಗೆ ಕೇಳಿಸುತ್ತದೆ. ಕೆಲವು ಸಲ ಮೂಗಿನಿಂದಲೂ ಬರುತ್ತದೆ. ಕಕ್ಕಿ ಅಳುತ್ತಾಳೆ. ಅತ್ತರೆ ಇವರು ಏಳುತ್ತಾರೆ. ಮತ್ತೆ ಎದೆಗೆ.

ಇವರು ನಿದ್ದೆಯಲ್ಲಿ ಒಂದು ಸಲ ಹೊರಳಿದರು. ನಾನು ಪಾಪನನ್ನು ಎದೆಗೆ ಇನ್ನೂ ಒತ್ತಿಕೊಂಡೆ.

ಜನವರಿ 23, ಶುಕ್ರವಾರ

ಮನೆಯೆಲ್ಲ ಹುಳಿ ಹಾಲಿನ ವಾಸನೆ. ನನ್ನ ಸೀರೆ, ಚಾಪೆ, ಜೋಲಿ, ಎಲ್ಲ. ಆಯಮ್ಮನ ವೈದ್ಯ ದಿನಕ್ಕೊಂದು. ಬಜೆ ತೇಯ್ದು ನಾಲಿಗೆಗೆ ಸವರಿದ್ದಾಯಿತು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದಾಯಿತು. ಇವತ್ತು ಎರೆದ ಮೇಲೆ ಹೊಟ್ಟೆಗೆ ಬಿಗಿಯಾಗಿ ಬಟ್ಟೆ ಸುತ್ತಿದರು, ಗಾಳಿ ಸೇರಬಾರದಂತೆ. ಸುತ್ತಿ ಮುಗಿಸುವ ಮುಂಚೆಯೇ ಪಾಪ ಅವರ ಮಡಿಲಲ್ಲಿ ಕಕ್ಕಿದಳು. ನನಗೆ ನಗು ಬಂತು, ನುಂಗಿಕೊಂಡೆ.

ಪಕ್ಕದ ಮನೆ ಅಮ್ಮಾಜಮ್ಮ ತಟ್ಟಿಯ ಆ ಕಡೆಯಿಂದಲೇ, “ಕಕ್ಕುರ ಪಿಳ್ಳೆ ತಕ್ಕುಂ” ಅಂದಳು. ಕಕ್ಕುವ ಕೂಸು ದಕ್ಕುತ್ತದೆ ಅಂತ ತಮಿಳಿನ ಗಾದೆಯಂತೆ. ಅವಳ ಬಾಯಿಗೆ ಸಕ್ಕರೆ ಹಾಕಬೇಕು ಅನ್ನಿಸಿತು. ಆಯಮ್ಮ ಮಾತ್ರ, “ಎಲ್ಲಾ ಕೂಸೂ ದಕ್ಕಲ್ಲ” ಅಂದು ಒಳಗೆ ಹೋದರು. ಆ ನಾಲಿಗೆಯಲ್ಲಿ ಅದೇನು ಕಹಿಯೋ! ಹಸುಗೂಸಿನ ಮುಂದೆ ಆಡೋ ಮಾತೇ ಅದು?

ಜನವರಿ 28, ಬುಧವಾರ

ಹಟ ಮಾಡಿ ಆಸ್ಪತ್ರೆಗೆ ಹೋಗಿಬಂದೆ. ಪಾಪನ ತೂಕ ಇಳಿದಿಲ್ಲ, ಏರಿಯೂ ಇಲ್ಲ. ಇಳಿದರೆ ಕೂಡಲೇ ಕರೆದುಕೊಂಡು ಬಾ ಅಂದಿದ್ದಾರೆ. ನರ್ಸಮ್ಮ ಒಳ್ಳೆಯ ಹೆಂಗಸು. ಹೊಟ್ಟೆಯ ಬಟ್ಟೆಯನ್ನು ತಾನೇ ಬಿಚ್ಚಿ ಹಾಕಿ, “ಅತ್ತಾಗೆಲ್ಲ ಹಾಲು ಕೊಡಬೇಡಮ್ಮ. ಅಳೋದೆಲ್ಲ ಹಸಿವಲ್ಲ. ಸ್ವಲ್ಪ ಸ್ವಲ್ಪ ಕೊಡು, ಕೂತುಕೊಂಡು ಕೊಡು. ಕುಡಿದ ತಕ್ಷಣ ಮಲಗಿಸಬೇಡ, ಭುಜಕ್ಕೆ ನೆಟ್ಟಗೆ ಹಾಕಿಕೊಂಡು ಬೆನ್ನು ಸವರು” ಅಂದಳು.

ಮನೆಗೆ ಬಂದು ಎಲ್ಲ ಒಪ್ಪಿಸಿದೆ. ಆಯಮ್ಮ ರಾಗಿ ಕೇರುತ್ತಿದ್ದವರು ಮೊರ ನಿಲ್ಲಿಸಿ ಕೇಳಿದರು.

“ಅತ್ತಾಗ ಕೊಡ್ಬೇಡ ಅಂದ್ಲಾ? ಆ ನರ್ಸಮ್ಮನ ಗಂಡ ರಾತ್ರಿ ಪಾಳೀಲಿ ಅವ್ನಾ ಅಂತ ಕೇಳ್ದ್ಯಾ?”

ಪಾಪನ ಹೊಟ್ಟೆಗೆ ಬಟ್ಟೆ ಮತ್ತೆ ಏರಿತು.

ಜನವರಿ 30, ಶುಕ್ರವಾರ

ನರ್ಸಮ್ಮ ಹೇಳಿದ ಹಾಗೆ ಮಾಡಿ ನೋಡಿದೆ. ಅತ್ತ ಕೂಡಲೇ ಎದೆಗೆ ಹಾಕದೆ ಭುಜಕ್ಕೆ ಹಾಕಿಕೊಂಡು ಲೈನಿನ ಉದ್ದಕ್ಕೂ ತಿರುಗಿದೆ. ಲೈನ್ ಕಿತ್ತುಹೋಗುವ ಹಾಗೆ ಕಿರುಚಿದಳು. ನಾಲ್ಕು ಮನೆಯವರು ಬಾಗಿಲಿಗೆ ಬಂದು ನಿಂತರು. ಇವರು ಎದ್ದು ಬಂದರು, ಕಣ್ಣು ಕೆಂಡದ ಹಾಗಿತ್ತು. ಕೂಗಾಡಲಿಲ್ಲ. “ಆಗ್ಲಿ ಬಿಡು ರತ್ನ” ಅಂದು ಚಾಪೆ ತೆಗೆದುಕೊಂಡು ಬಿಸಿಲು ಬೀಳುವ ಜಗಲಿಯಲ್ಲೇ ಬಿದ್ದುಕೊಂಡರು. ನಿದ್ದೆ ಬರಲಿಲ್ಲ. ಹಾಗೇ ಪಾಳಿಗೆ ಹೋದರು.

ಜನವರಿ 31, ಶನಿವಾರ

ಬೆಳಿಗ್ಗೆ ಇವರು ಬಂದದ್ದು ಕೈಗೆ ಬಟ್ಟೆ ಸುತ್ತಿಕೊಂಡು. ಅದಿರಿನ ಗಾಡಿ ತಳ್ಳುವಾಗ ಕಣ್ಣು ಎಳೆಯಿತಂತೆ. ಎರಡು ಬೆರಳು ಜಜ್ಜಿದೆ. “ಮೂಳೆಗೇನೂ ಆಗಿಲ್ಲ” ಅಂತ ನಕ್ಕರು.

ನನಗೆ ಅನ್ನ ಸೇರಲಿಲ್ಲ. ಇವತ್ತು ಪಾಪ ಬಾಯಿ ತೆರೆಯುವ ಮೊದಲೇ ಎದೆಗೆ ಹಾಕಿಕೊಂಡೆ. ಕುಡಿದಳು, ಕಕ್ಕಿದಳು, ಕುಡಿದಳು, ಕಕ್ಕಿದಳು. ಕತ್ತು ಕಡ್ಡಿಯಾಗಿದೆ. ನನ್ನ ಮೇಲೇ ನನಗೆ ಅಸಹ್ಯ.

ಫೆಬ್ರವರಿ 3, ಮಂಗಳವಾರ

ನಡೆದದ್ದನ್ನು ನಡೆದ ಹಾಗೇ ಬರೆದಿಡುತ್ತೇನೆ.

ಇವತ್ತು ಆಯಮ್ಮ ಹಿತ್ತಾಳೆ ಬಟ್ಟಲು ತಂದು ನನ್ನ ಮುಂದಿಟ್ಟರು. “ಇದಕ್ಕೆ ಒಂದಿಷ್ಟು ಇಂಡು” ಅಂದರು. ಅಮ್ಮಾಜಮ್ಮನೂ ಬಂದು ಕೂತಿದ್ದಳು. ತಾಯಿಯ ಹಾಲಿಗೆ ಇರುವೆ ಬಿಡಬೇಕು, ಈಜಿದರೆ ಹಾಲು ಒಳ್ಳೆಯದು, ಸತ್ತರೆ ಹಾಲು ವಿಷ. ಹಳಬರ ಶಾಸ್ತ್ರವಂತೆ. ಬೆಲ್ಲದ ಡಬ್ಬಿಯಿಂದ ಒಂದು ಕಪ್ಪಿರುವೆ ಹಿಡಿದು ಬಿಟ್ಟರು.

ನಾನು ಎಂಟನೇ ಕ್ಲಾಸು ಓದಿದವಳು. ಇದೆಲ್ಲ ಸುಳ್ಳು ಅಂತ ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಬಟ್ಟಲಿನ ಮೇಲೆ ಬಗ್ಗಿ, ಈಜು, ಈಜು ನನ್ನಪ್ಪಾ, ಅಂತ ಆ ಇರುವೆಗೆ ಮನಸ್ಸಿನಲ್ಲೇ ಕೈ ಮುಗಿದೆ. ಸ್ವಲ್ಪ ಹೊತ್ತು ಕಾಲಾಡಿಸಿತು. ಆಮೇಲೆ ನಿಂತಿತು.

“ವಿಸ” ಅಂದರು ಆಯಮ್ಮ. ಕೋಪದಲ್ಲಿ ಅಲ್ಲ. ನನ್ನ ಪಕ್ಕ ಕೂತು ಮೊಣಕಾಲ ಮೇಲೆ ಕೈ ಇಟ್ಟರು.

“ನಿಂದೇನೂ ತಪ್ಪಿಲ್ಲ ಕಣಮ್ಮ. ನಂಗೂ ಇಂಗೇ ಆಗಿತ್ತು. ನಿನ್ ಗಂಡ ಉಟ್ಟೋದಕ್ಕೆ ಮುಂಚೆ ಒಂದು ಎಣ್ಣು ಕೂಸಿತ್ತು. ಅದೂ ಇಂಗೇ ಕಕ್ತಿತ್ತು. ನಮ್ಮತ್ತೆ ನನ್ ಆಲಿಗೆ ಇರುವೆ ಬಿಟ್ಟು ನೋಡಿದ್ರು, ಇರುವೆ ಸತ್ತೋಯ್ತು. ಅವತ್ತಿಂದ ನಾನು ಎದೆ ಕೊಡ್ಲಿಲ್ಲ. ಆದ್ರೂ ಕೂಸು ಉಳೀಲಿಲ್ಲ. ಅಷ್ಟೊತ್ತಿಗೆ ವಿಸ ಒಳಕ್ಕೆ ಓಗಿಬಿಟ್ಟಿತ್ತು, ನೋಡೋದು ತಡ ಆಯ್ತು. ನಿನ್ ಕೂಸಿಗೆ ತಡ ಆಗಬಾರ್ದು.”

ಇನ್ನು ಪಾಪನಿಗೆ ಮೇಕೆ ಹಾಲು. ನನ್ನ ಹಾಲು ಬತ್ತಲಿ ಅಂತ ಆಂಡರ್ಸನ್‌ಪೇಟೆಯಿಂದ ಮಲ್ಲಿಗೆ ತರಿಸಿ ಎದೆಗೆ ಇಟ್ಟು ಬಟ್ಟೆ ಬಿಗಿದರು. ಮದುವೆಯ ದಿನ ಮುಡಿದ ಮೇಲೆ ಇಷ್ಟು ಮಲ್ಲಿಗೆ ನನ್ನ ಮೈ ಮುಟ್ಟಿರಲಿಲ್ಲ.

ಸಂಜೆ ಇವರಿಗೆ ಹೇಳಿದೆ. ತಲೆ ತಗ್ಗಿಸಿ, “ಅಮ್ಮಂಗೆ ಗೊತ್ತಿರ್ತದೆ” ಅಂದರು.

ಫೆಬ್ರವರಿ 4, ಬುಧವಾರ

ಎದೆ ಕಲ್ಲಾಗಿದೆ. ಪಾಪ ಅತ್ತರೆ ಬಟ್ಟೆಯೆಲ್ಲ ಒದ್ದೆ.

ವಿಷ ಇದ್ದರೂ ಇರಬಹುದು.

ಫೆಬ್ರವರಿ 6, ಶುಕ್ರವಾರ

ಪಾಪ ಇವತ್ತು ಹೋಗಿಬಿಡುತ್ತಿದ್ದಳು.

ಅತ್ತೆ ಕಾಲು ಚಾಚಿ ಕೂತು, ಕಾಲ ಮೇಲೆ ಅವಳನ್ನು ಅಂಗಾತ ಮಲಗಿಸಿ, ಒಳಲೆಯಲ್ಲಿ ಬಾಯಿಗೆ ಮೇಕೆ ಹಾಲು ಹೊಯ್ಯುತ್ತಿದ್ದರು. ನಾನು ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದೆ. ಒಂದು ಸಲ ಕೆಮ್ಮಿದಳು. ಆಮೇಲೆ ಸದ್ದೇ ಇಲ್ಲ. ಇಷ್ಟು ದಿನ ಈ ಮನೆಯಲ್ಲಿ ಯಾವ ಮೌನಕ್ಕೆ ಅಂತ ಹೆಣಗಿದೆನೋ ಅದೇ ಮೌನ. ತಿರುಗಿ ನೋಡಿದರೆ ಬಾಯಿ ತೆರೆದಿದೆ, ತುಟಿ ನೇರಳೆ ಹಣ್ಣಾಗಿದೆ, ಕೈ ಎರಡೂ ಗಾಳಿಯಲ್ಲಿವೆ.

ಹೇಗೆ ಕಿತ್ತುಕೊಂಡೆನೋ ಗೊತ್ತಿಲ್ಲ. ಮುಂಗೈ ಮೇಲೆ ಬೋರಲು ಹಾಕಿ ಬೆನ್ನಿಗೆ ಹೊಡೆದೆ. ಮತ್ತೆ ಹೊಡೆದೆ. ಮೂಗು ಬಾಯಿಂದ ಹಾಲು ಬಂತು, ಆಮೇಲೆ ಅಳು ಬಂತು. ಅಂಥ ಅಳು ನಾನು ಜನ್ಮದಲ್ಲಿ ಕೇಳಿಲ್ಲ, ಅಷ್ಟು ಚೆನ್ನಾಗಿತ್ತು. ಇವರು ಎದ್ದು ನಿಂತಿದ್ದರು. ಯಾರೂ ಅವರನ್ನು ಮಲಗು ಅನ್ನಲಿಲ್ಲ.

ಅತ್ತೆ ಚೆಲ್ಲಿದ ಹಾಲನ್ನು ಸೆರಗಿನಿಂದ ಒರೆಸುತ್ತಾ, “ಇನ್ನೂ ನಿಧಾನಕ್ಕೆ ಉಯ್ಬೇಕಾಗಿತ್ತು” ಅಂದರು. ಅಷ್ಟೇ.

ನಾನು ಪಾಪನನ್ನು ಎತ್ತಿಕೊಂಡು ಮೇಕೆಯ ಮೂಲೆಗೆ ಹೋದೆ. ಮಲ್ಲಿಗೆ ಕಿತ್ತೆಸೆದೆ. ನಿಂತುಕೊಂಡೇ ಕುಡಿಸಿದೆ. ವಿಷವಾದರೆ ಇಬ್ಬರೂ ಸಾಯೋಣ ಅಂದುಕೊಂಡೆ.

ಫೆಬ್ರವರಿ 10, ಮಂಗಳವಾರ

ಕಳ್ಳಿಯಾಗಿದ್ದೇನೆ. “ನೀವು ಸುಸ್ತಾಗ್ತೀರಿ, ನಾನೇ ಕುಡಿಸ್ತೀನಿ ಅತ್ತೆ” ಅಂತ ಒಳಲೆ ತೆಗೆದುಕೊಂಡು ಹಿಂದಕ್ಕೆ ಬರುತ್ತೇನೆ. ಮೇಕೆಯ ಹಾಲು ಮೇಕೆಯ ತೊಟ್ಟಿಗೇ. ಅದೂ ಬೇಜಾರಿಲ್ಲದೆ ನೆಕ್ಕುತ್ತದೆ. ಹೊಟ್ಟೆಯ ಬಟ್ಟೆ ಸಡಿಲಿಸಿ, ಗೋಡೆಗೆ ಒರಗಿ ನಿಂತು, ಕಿವಿಯನ್ನು ಬಾಗಿಲ ಕಡೆ ಇಟ್ಟು ಪಾಪನಿಗೆ ಎದೆ ಕೊಡುತ್ತೇನೆ. ಹೆಜ್ಜೆ ಸದ್ದಾದರೆ ಬಿಡಿಸಿಕೊಳ್ಳಬೇಕು, ಹೊಟ್ಟೆ ತುಂಬ ಕೊಡಲು ಆಗುವುದೇ ಇಲ್ಲ. ಆಮೇಲೆ ಬಾಯಲ್ಲಿ ನನ್ನ ಹಾಲಿನ ವಾಸನೆ ಆರಲಿ ಅಂತ ಭುಜಕ್ಕೆ ಹಾಕಿಕೊಂಡು ಮೇಕೆಯ ಸುತ್ತ ತಿರುಗುತ್ತೇನೆ. ಪಾಪನಿಗೆ ಅರೆಹೊಟ್ಟೆ. ಆದರೂ ಯಾಕೋ ಮೊದಲಿನಷ್ಟು ಕಕ್ಕುತ್ತಿಲ್ಲ. ಬೆನ್ನು ಬಗ್ಗಿಸುವುದೂ ಕಡಿಮೆ. ಇವತ್ತು ಜೋಲಿಯಲ್ಲಿ ಹಾಕಿದರೆ ಅಳದೆ ಮಲಗಿದಳು. ಇವರೂ ಮಲಗಿದರು.

ಅತ್ತೆಯ ಸಂಭ್ರಮ ನೋಡಬೇಕು. ಲೈನಿನಲ್ಲಿ ಮನೆ ಮನೆಗೂ ಹೇಳಿಬಂದರು. “ಮೇಕೆ ಆಲು ಕಣ್ರೇ! ವಿಸ ಎಲ್ಲಾ ಇಳ್ಕಂಡೋಯ್ತು.” ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ. 

ಇನ್ನೊಂದು ಭಯ. ಎಡಗಡೆ ಎದೆ ಮೆತ್ತಗಾಗುತ್ತಿದೆ. ಹೀಗೆ ಕದ್ದು ಕೊಟ್ಟರೆ ಇನ್ನೆಷ್ಟು ದಿನ ಇರುತ್ತದೆ ಹಾಲು?

ಫೆಬ್ರವರಿ 12, ಗುರುವಾರ

ಬೆಳಿಗ್ಗೆ ತೊಟ್ಟಿಗೆ ಸುರಿದ ಮೇಕೆ ಹಾಲಿನಲ್ಲಿ ಒಂದು ಇರುವೆ ಸತ್ತು ತೇಲುತ್ತಿತ್ತು. ನೋಡುತ್ತಾ ನಿಂತುಬಿಟ್ಟೆ. ಎಂಥ ದಡ್ಡಿ ನಾನು! ಇರುವೆ ಈಜುವುದನ್ನು ಯಾವತ್ತಾದರೂ ಯಾರಾದರೂ ನೋಡಿದ್ದಾರಾ?

ಒಳಗೆ ಬಂದರೆ ಅತ್ತೆ ಹೊಸ ಮಲ್ಲಿಗೆ ಹಿಡಿದುಕೊಂಡು ಕಾಯುತ್ತಿದ್ದರು. “ಇನ್ನೊಂದ್ ದಪ ಕಟ್ತೀನಿ ಬಾ, ಪೂರ್ತಿ ಬತ್ತಿಬಿಡ್ಲಿ.”

ತಡೆಯಲು ಆಗಲಿಲ್ಲ. ಅದೇ ಹಿತ್ತಾಳೆ ಬಟ್ಟಲಿಗೆ ಮೇಕೆ ಹಾಲು ಹೊಯ್ದೆ. ಬೆಲ್ಲದ ಡಬ್ಬಿಯಿಂದ ಇರುವೆ ಹಿಡಿದು ಬಿಟ್ಟೆ.

“ನೋಡಿ ಅತ್ತೆ.”

ಸತ್ತಿತು. ಬಟ್ಟಲು ತೊಳೆದು ಬರೀ ನೀರು ಹಾಕಿ ಇನ್ನೊಂದು ಬಿಟ್ಟೆ. ಅದೂ ಸತ್ತಿತು.

“ಮೇಕೆ ಹಾಲೂ ವಿಷಾನಾ? ನಾವು ಕುಡಿಯೋ ನೀರೂ ವಿಷಾನಾ? ಪಾಪ ಚೇತರಿಸಿಕೊಂಡಿದ್ದು ಮೇಕೆ ಹಾಲಿಂದಲ್ಲ, ನನ್ನ ಹಾಲಿಂದ. ನಾನು ಕದ್ದು ಕುಡಿಸ್ತಾ ಇದ್ದೀನಿ. ಇನ್ಮೇಲೆ ನಿಮ್ಮ ಎದುರಿಗೇ ಕುಡಿಸ್ತೀನಿ.”

ಇವರು ಮಲಗಿದ್ದಾರೆ ಅನ್ನುವುದೂ ಮರೆತು ಕೂಗಿದ್ದೆ. ಅತ್ತೆ ಬೈದರೆ ತಿರುಗಿ ಹೇಳಲು ಇನ್ನೂ ಹತ್ತು ಮಾತು ನಾಲಿಗೆ ತುದಿಯಲ್ಲಿದ್ದವು. ಅವರು ಬೈಯಲಿಲ್ಲ. ಬಟ್ಟಲನ್ನೇ ನೋಡುತ್ತಿದ್ದರು. ಕೈಯಲ್ಲಿದ್ದ ಮಲ್ಲಿಗೆ ಯಾವಾಗ ನೆಲಕ್ಕೆ ಬಿತ್ತೋ ಅವರಿಗೂ ಗೊತ್ತಾಗಲಿಲ್ಲ.  

ಆಗ ನನಗೆ ಹೊಳೆಯಿತು. ಇರುವೆಯ ಶಾಸ್ತ್ರ ಸುಳ್ಳಾದರೆ ಈಯಮ್ಮನ ಎದೆಯಲ್ಲಿ ಇದ್ದದ್ದೂ ಒಳ್ಳೆಯ ಹಾಲೇ. ಅದನ್ನು ಕೊಡದೆ ಆ ಕೂಸನ್ನೇ ಕಳೆದುಕೊಂಡರು. ಇಷ್ಟು ವರ್ಷ ಅತ್ತೆ ಅದನ್ನು ವಿಷ ಅಂತ ನಂಬಿಕೊಂಡು ಹೇಗೋ ಬದುಕಿದ್ದರು. ನಾನು ಒಂದು ಬಟ್ಟಲು ನೀರಿನಲ್ಲಿ ಅದನ್ನೂ ಕಿತ್ತುಕೊಂಡೆ.

ಗೆದ್ದೆ. ಇಂಥ ಗೆಲುವು ಹಗೆಯವರಿಗೂ ಬೇಡ.

ಫೆಬ್ರವರಿ 14, ಶನಿವಾರ

ಅತ್ತಮ್ಮ ಮೊನ್ನೆಯಿಂದ ತುತ್ತು ಮುಟ್ಟಿಲ್ಲ. ಇವರು ಕೇಳಿದರೆ, “ಅಸಿವಿಲ್ಲ ಕಣ್ಲಾ” ಅಂದರು. ನಾನು ಅವರ ಎದುರಿಗೇ ಪಾಪನಿಗೆ ಕುಡಿಸುತ್ತೇನೆ ಅಂದವಳು, ಅವರ ಎದುರಿಗೆ ಹೋಗಲು ಮುಖವಿಲ್ಲದೆ ಹಿಂದಿನ ಮೂಲೆಯಲ್ಲೇ ಕುಡಿಸುತ್ತಿದ್ದೆ.

ಇವತ್ತು ಮಧ್ಯಾಹ್ನ ಪಾಪ ಜೋಲಿಯಲ್ಲಿ ಮಲಗಿದ್ದಾಗ ಅಲ್ಲಿಗೆ ಹೋದರೆ ಅತ್ತಮ್ಮ ಆಗಲೇ ಕೂತಿದ್ದರು. ಮುಂದೆ ಹಿತ್ತಾಳೆ ಬಟ್ಟಲು, ತುಂಬ ಮೇಕೆ ಹಾಲು. ಹಾಲಿನ ಮೇಲೆ ಕಪ್ಪಿರುವೆ, ಕೆಂಜಿಗ, ದೊಡ್ಡ ದೊಡ್ಡ ಗೊದ್ದದಿರುವೆ. ಎಲ್ಲಿಂದ ಹಿಡಿದು ತಂದರೋ, ಬೆರಳೆಲ್ಲ ಕಚ್ಚಿಸಿಕೊಂಡು ಕೆಂಪಗಾಗಿತ್ತು.

“ಒಂದಾದ್ರೂ ಈಜ್ತದಾ ಅಂತ ನೋಡ್ತಾ ಇವ್ನಿ ಕಣಮ್ಮ” ಅಂದರು. “ಒಂದು ಈಜಿದ್ರೂ ಸಾಕಾಗಿತ್ತು.”

ಪಕ್ಕದಲ್ಲಿ ಕುಕ್ಕರಿಸಿದೆ. ಒಂದು ಗೊದ್ದ ಇನ್ನೂ ಕಾಲಾಡಿಸುತ್ತಿತ್ತು. ಅವರು ಅತ್ತ ತಿರುಗಿದಾಗ ಉಗುರಿನಿಂದ ಅದನ್ನು ಬಟ್ಟಲಿನ ಅಂಚಿಗೆ ತಳ್ಳಿದೆ. ಅದು ಒದ್ದೆ ಮೈಯಲ್ಲಿ ತೆವಳಿ ಹೊರಗೆ ಬಂತು.

“ನೋಡಿ ಅತ್ತಮ್ಮ, ಇದು ದಡ ಸೇರಿತು. ಮೇಕೆ ಹಾಲು ಒಳ್ಳೇದೇ. ಮೊನ್ನೆ ನಾನೇ ಏನೋ ತಪ್ಪು ಮಾಡಿರಬೇಕು.”

ಅವರು ಇರುವೆಯನ್ನು ನೋಡಿದರು. ನನ್ನ ಒದ್ದೆ ಉಗುರನ್ನು ನೋಡಿದರು.

“ನೀನು ತಳ್ಳಿದ್ದು ನಾನು ನೋಡ್ದೆ.”

ನನಗೆ ಅಳು ಬಂತು. ಅವರು ಅಳಲಿಲ್ಲ. ಬಟ್ಟಲನ್ನು ತೊಟ್ಟಿಗೆ ಬೋರಲು ಹಾಕಿ, ಗೋಡೆಗೆ ಒರಗಿಕೊಂಡು, ಯಾರಿಗೋ ಹೇಳುವ ಹಾಗೆ ಹೇಳಿದರು.

“ನನ್ ಎಣ್ಣು ಕೂಸಿಗೆ ನರಸಮ್ಮ ಅಂತ ಎಸ್ರಿಟ್ಟಿದ್ದೆ. ನನ್ ಸೀರೆ ಇಡ್ಕಂಡು ಎಳೀತಿದ್ಲು ರತ್ನ. ಆಲು ಸೋರಿ ರವಿಕೆ ಒದ್ದೆ ಆಗ್ತಿತ್ತು. ನಾನು ಗೋಡೆ ಕಡೆ ಮಕ ತಿರುಗಿಸ್ಕಂಡು ಮಲಗ್ತಿದ್ದೆ.”

ಆಗ ಒಳಗೆ ಜೋಲಿಯಲ್ಲಿ ಪಾಪ ಎದ್ದು ಅಳತೊಡಗಿದಳು. ಜೋರು ಅಳು. ಅಭ್ಯಾಸಬಲ, ಇವರು ಎದ್ದುಬಿಡುತ್ತಾರೆ ಅಂತ ನಾನು ಓಡಲು ಹೊರಟೆ. ಅಷ್ಟರಲ್ಲಿ ಅತ್ತಮ್ಮನೇ ಎದ್ದು ಒಳಗೆ ಹೋಗಿದ್ದರು. “ಅಮ್ಮಾ, ಸ್ವಲ್ಪ ಸುಮ್ನಾಗಿಸಮ್ಮ” ಅಂತ ಇವರ ನಿದ್ದೆಗಣ್ಣಿನ ದನಿ ಕೇಳಿಸಿತು.

“ಅದು ಕೂಸು ಕಣ್ಲಾ ಶ್ರೀರಾಮ, ಅಳ್ತದೆ. ನೀನು ಅಮ್ಮಾಜಮ್ಮನ ಜಗಲೀಲಿ ಓಗಿ ಮಲ್ಕೋ.”

ಇವರು ಚಾಪೆ ಸುತ್ತಿಕೊಂಡು ಹೋದರು. ಅತ್ತಮ್ಮ ಪಾಪನನ್ನು ಭುಜಕ್ಕೆ ಹಾಕಿಕೊಂಡು ಬಂದು, ಹೊಟ್ಟೆಯ ಬಟ್ಟೆ ಬಿಚ್ಚಿ ತೆಗೆದು, ನನ್ನ ಮಡಿಲಲ್ಲಿ ಇಟ್ಟರು.

“ಕುಡ್ಸು. ಕೂತ್ಕಂಡು ನಿಧಾನಕ್ಕೆ ಕುಡ್ಸು. ನಾನು ನೋಡ್ಬೇಕು.”

ಎದುರಿಗೇ ಕೂತರು. ಪಾಪ ಕುಡಿದು ತಾನಾಗಿ ಬಾಯಿ ಬಿಡುವವರೆಗೂ ಮುಖ ತಿರುಗಿಸಲಿಲ್ಲ.